ಲ್ಯಾಮಿನೇಟ್ ಮಾಡಿಸಬಾರದ ಕಾಗದ

ಬೆಂಗಳೂರಿನ ಉಲ್ಲಾಳದ ಹಿಂದಿನ ಬೀದಿಯ ಆ ವಠಾರದಲ್ಲಿ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಬಂದ ದಿನ ಎಲ್ಲರ ಕೊಡವೂ ಮುಂದೆ, ಎಲ್ಲರ ಬಾಯಿಯೂ ಜೋರು. ಕಲಾವತಿ ತನ್ನ ಕೊಡಗಳನ್ನು ತುಂಬಿಸಿಕೊಂಡು ಒಳಗೆ ಹೋದವಳು, ಪಕ್ಕದ ಮನೆ ಮುತ್ತವ್ವನ ಹಸಿರು ಕೊಡಗಳನ್ನೂ ತಂದು ಸಾಲಿನಲ್ಲಿ ಇಟ್ಟಳು.

"ಏನ್ ಕಲಾವತಿ, ಮುತ್ತವ್ವನ ಮನೆಗೆ ಬೀಗ ಹಾಕಿದೆ. ಅವಳ ಕೊಡಕ್ಕೂ ನೀರು ಬೇಕಾ?" ಎಂದು ಓನರ್ ಆಂಟಿ ಮೇಲಿನಿಂದ ಕೂಗಿದರು.

"ಆಕಿ ಆಸ್ಪತ್ರ್ಯಾಗ ಅದಾಳ್ರಿ ಆಂಟಿ. ಆಕಿ ಮಕ್ಕಳು ನನ್ನ ಮನ್ಯಾಗ ಅದಾವಲ್ಲ, ಅವೂ ಮೈ ತೊಳ್ಕೋಬೇಕಲ್ರಿ."

"ಅಲ್ಲ ಕಣೇ, ಹೀಗೆ ಎಷ್ಟು ದಿನ ಅಂತ ಸಾಕ್ತೀಯಾ?"

ಕಲಾವತಿ ಕೊಡ ಎತ್ತಿಕೊಂಡು ಒಳಗೆ ಹೋದಳು.

ಮುತ್ತವ್ವನೂ ಕಲಾವತಿಯೂ ಸಿಂದಗಿ ಕಡೆಯವರು. ಊರಿನಲ್ಲಿ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಇಲ್ಲಿ ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗೆ ಬಂದ ಮೇಲೆ ಅಕ್ಕ ತಂಗಿಯರಾದರು. ಕಲಾವತಿಗೆ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಅವಳ ಗಂಡ ಮಡಿವಾಳಪ್ಪ ಕೆಂಗೇರಿ ಉಪನಗರದ ಹೊಸ ಮನೆಗಳಿಗೆ ಟೈಲ್ಸ್ ಹಾಕುತ್ತಾನೆ. ಅವರಿಗೆ ಒಬ್ಬನೇ ಮಗ, ಶ್ರೀಶೈಲ. ಮುತ್ತವ್ವನ ಗಂಡ ಕಾಮಾಲೆಯಿಂದ ತೀರಿಕೊಂಡಿದ್ದ. ಅವಳು ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಸಿಮೆಂಟ್ ಹೊರುತ್ತಾ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಮಗಳು ಶೈಲಾ ಎರಡನೇ ತರಗತಿ, ಮಗ ಹನುಮೇಶ ಅಂಗನವಾಡಿ.

ಒಂದು ಮಧ್ಯಾಹ್ನ ಅವಳು ಹತ್ತಿ ನಿಂತಿದ್ದ ಸಾರುವೆ ಜಾರಿತು. ಮುತ್ತವ್ವನ ಸೊಂಟದ ಮೂಳೆ ಮುರಿಯಿತು. ದೊಡ್ಡಾಸ್ಪತ್ರೆಯಲ್ಲಿ ರಾಡ್ ಹಾಕಿದರು. ನಡೆದಾಡಲು ತುಂಬಾ ತಿಂಗಳು ಬೇಕು ಅಂದರು. ಮಕ್ಕಳು ಅವತ್ತು ಸಂಜೆ ಶಾಲೆಯಿಂದ ನೇರ ಕಲಾವತಿಯ ಮನೆಗೇ ಬಂದವು. ಯಾರೂ ಅವರನ್ನು ಕರೆಯಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಈಗ ಮಡಿವಾಳಪ್ಪನ ವಿಷಯ ಹೇಳಬೇಕು. ಬಾಂಡ್ ಪೇಪರ್ ಮೇಲೆ ಇಲ್ಲದ ಮಾತನ್ನು ಅವನು ನಂಬುವವನಲ್ಲ. ಮನೆ ಅಡ್ವಾನ್ಸ್ ಕೊಟ್ಟಿದ್ದು ಬಾಂಡ್ ಪೇಪರ್ ಮೇಲೆ, ಹಳೇ ಟಿವಿಎಸ್ ಕೊಂಡಿದ್ದೂ ಬಾಂಡ್ ಪೇಪರ್ ಮೇಲೆ. ಅದಕ್ಕೇ ಮಕ್ಕಳು ಮನೆಗೆ ಬಂದ ಸ್ವಲ್ಪ ದಿನಕ್ಕೆ ಕೋರ್ಟಿನ ಹೊರಗೆ ಮರದ ಕೆಳಗೆ ಕೂರುವ ಟೈಪಿಸ್ಟ್ ಹತ್ತಿರ ಹೋಗಿ ಒಂದು ಛಾಪಾ ಕಾಗದ ಬರೆಸಿದ. 'ನನ್ನ ಇಬ್ಬರು ಮಕ್ಕಳನ್ನು ಸದರಿ ಮಡಿವಾಳಪ್ಪನವರಿಗೆ ಒಪ್ಪಿಸಿರುತ್ತೇನೆ, ಮುಂದೆ ಯಾರೂ ತಕರಾರು ಮಾಡತಕ್ಕದ್ದಲ್ಲ' ಎಂದು ಅದರಲ್ಲಿತ್ತು. ಆಸ್ಪತ್ರೆಗೆ ಒಯ್ದು ಮುತ್ತವ್ವನ ಹೆಬ್ಬೆಟ್ಟು ಹಾಕಿಸಿದ. ಉಪನಗರದ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ, ಬಸವಣ್ಣನ ಫೋಟೋ ಕೆಳಗೆ ಮೊಳೆ ಹೊಡೆದು ತೂಗುಹಾಕಿದ.

"ಇನ್ ನೀರು ಬಿದ್ರೂ ಏನೂ ಆಗಂಗಿಲ್ಲ," ಎಂದು ಎಲ್ಲರಿಗೂ ತೋರಿಸುತ್ತಿದ್ದ.

ಆದರೆ ಶೈಲಾಗೆ ಆ ಕಾಗದದಿಂದ ಧೈರ್ಯ ಬಂದಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎಬ್ಬಿಸಲು ಹೋದರೆ ಕಲಾವತಿಗೆ ಕಾಣುತ್ತಿದ್ದದ್ದು ಒಂದೇ ನೋಟ. ಹುಡುಗಿ ತಮ್ಮನ ಉಡುದಾರದೊಳಗೆ ಬೆರಳು ಸಿಕ್ಕಿಸಿಕೊಂಡು ಮಲಗಿರುತ್ತಿದ್ದಳು. ಬಿಡಿಸಲು ಹೋದರೆ ಬೆಚ್ಚಿ ಎದ್ದು ಕೂರುತ್ತಿದ್ದಳು.

"ಯಾಕವ್ವ ಹಿಂಗ ಹಿಡ್ಕೋತಿ?"

"ಅವ್ವನ್ನ ಒಯ್ದಾಗ ನಾ ಸಾಲ್ಯಾಗ ಇದ್ನಿ ಚಿಗವ್ವ."

ಅಷ್ಟೇ. ಬೆರಳು ಮತ್ತೆ ಉಡುದಾರಕ್ಕೇ ಹೋಯಿತು.

ಒಂದು ಭಾನುವಾರ ಬಸವಲಿಂಗಪ್ಪ ಬಂದ. ಅವನು ಮುತ್ತವ್ವನ ದೊಡ್ಡಪ್ಪನ ಮಗ, ಮಕ್ಕಳಿಗೆ ಮಾವ. ಇಷ್ಟು ದಿನ ಆಸ್ಪತ್ರೆಯ ಕಡೆ ತಲೆ ಹಾಕದವನು ಬಾಳೆಹಣ್ಣಿನ ಗೊನೆಯಷ್ಟು ದೊಡ್ಡ ನಗೆ ಹೊತ್ತು ಬಂದಿದ್ದ.

"ನಿಮಗ್ಯಾಕ ತ್ರಾಸ? ಮಕ್ಕಳ್ನ ನಾ ಒಯ್ತೀನಿ," ಅಂದ. "ಬಸವೇಶ್ವರನಗರದಾಗ ಒಂದು ಚಲೋ ಮನಿ ಐತಿ. ಶೈಲಾನ ಅಲ್ಲಿ ಬಿಡ್ತೀನಿ. ಸಣ್ಣ ಕೂಸು ಐತಿ, ಆಡಿಸಿದ್ರ ಆತು. ಉಣ್ಣಾಕ, ಉಡಾಕ ಅವರೇ ಕೊಡ್ತಾರ. ಹುಡುಗನ್ನ ಊರಿಗಿ ಕಳಸ್ತೀನಿ."

"ಮತ್ತ ಆಕಿ ಸಾಲಿ?" ಎಂದಳು ಕಲಾವತಿ.

"ಅವರ ಮನ್ಯಾಗ ದೊಡ್ಡ ಟೀವಿ ಐತಿ. ನೋಡಿ ಕಲೀತಾಳ."

ಮಡಿವಾಳಪ್ಪ ಎದ್ದು ಮೊಳೆಯಿಂದ ಕಾಗದ ತೆಗೆದು ಎದುರಿಗೆ ಹಿಡಿದ. "ಇದನ್ನ ಓದ್ರಿ. ತಾಯಿ ನಮಗ ಬರದು ಕೊಟ್ಟಾಳ."

ಬಸವಲಿಂಗಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬೆರಳಿನಿಂದ ತಟ್ಟಿದ. "ಪ್ಲಾಸ್ಟಿಕ್ ಭಾರಿ ಐತಿ ಬಿಡಪಾ. ನಾಳೆ ನಾನೂ ಒಂದ್ ಬಾಂಡ್ ತಗೊಂಡು ಆಸ್ಪತ್ರಿಗಿ ಹೋಗ್ತೀನಿ. ಅದೇ ಹೆಬ್ಬೆಟ್ಟು ನಿನಗೊಂದು, ನನಗೊಂದು. ಅದರಾಗ ನಾ ರಕ್ತ ಸಂಬಂಧಿ. ಮುಂದಿನ ಐತಾರ ಬರ್ತೀನಿ, ಮಕ್ಕಳ ಅರಿಬಿ ಕಟ್ಟಿ ಇಡ್ರಿ."

ಅವನು ಹೋದ ಮೇಲೆ ಮಡಿವಾಳಪ್ಪ ಕಾಗದ ಹಿಡಿದುಕೊಂಡು ಹಾಗೇ ನಿಂತಿದ್ದ. ಬಾಗಿಲ ಹಿಂದೆ ಶೈಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಬೆರಳು ಆಗಲೇ ಹನುಮೇಶನ ಉಡುದಾರದಲ್ಲಿತ್ತು.

ಮರುದಿನ ಬೆಳಿಗ್ಗೆ ಕಲಾವತಿ ಗಾರ್ಮೆಂಟ್ಸಿಗೆ ರಜೆ ಹೇಳಿ ಶಾಲೆಯ ಗೇಟಿನ ಬಳಿ ಕಾದಳು. ಶೈಲಾಳ ಟೀಚರ್ ಅನಂತಲಕ್ಷ್ಮಿ ಉಪನಗರದಿಂದ ಬರುವವರು. ಅವರ ಮನೆಯಲ್ಲೂ ಹಿಂದೊಮ್ಮೆ ಒಬ್ಬ ಹುಡುಗಿ ತಾಯಿಗೆ ವಾಸಿಯಾಗುವವರೆಗೆ ಇದ್ದು, ಆಮೇಲೆ ತಾಯಿಯ ಜೊತೆ ಹೋಗಿದ್ದಳು ಎಂದು ಕಲಾವತಿ ಕೇಳಿದ್ದಳು. ವಿಷಯ ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು.

"ಅಳಬೇಡಿ. ಸಂಜೆ ನಿಮ್ಮ ಮನೆಗೇ ಬರ್ತೀನಿ, ನಿಮ್ಮ ಯಜಮಾನ್ರೂ ಇರ್ಲಿ," ಅಂದರು ಟೀಚರ್.

ಸಂಜೆ ಬಂದರು. ಚಾಪೆ ಮೇಲೆ ಕೂತು, ಕಲಾವತಿ ಕೊಟ್ಟ ಚಹಾ ಕುಡಿದು, ಲ್ಯಾಮಿನೇಟ್ ಆದ ಕಾಗದವನ್ನು ಪೂರ್ತಿ ಓದಿದರು.

"ಮಡಿವಾಳಪ್ಪನವರೇ, ಬೇಜಾರು ಮಾಡ್ಕೋಬೇಡಿ. ಟಿವಿಎಸ್ ಬರೆದುಕೊಟ್ಟ ಹಾಗೆ ಮಕ್ಕಳನ್ನ ಬರೆದುಕೊಡೋಕೆ ಆಗಲ್ಲ. ಇದಕ್ಕೆ ಬೆಲೆ ಇಲ್ಲ."

"ಹಂಗಾದ್ರ ಆ ಟೈಪಿಸ್ಟ್ ರೊಕ್ಕ ಯಾಕ ತಗೊಂಡ?"

"ಟೈಪ್ ಮಾಡಿದ್ದಕ್ಕೆ ತಗೊಂಡ."

ಕಲಾವತಿಗೆ ಅಷ್ಟು ಚಿಂತೆಯಲ್ಲೂ ನಗು ಬಂತು. ಮಡಿವಾಳಪ್ಪನಿಗೆ ಬರಲಿಲ್ಲ.

"ಮಕ್ಕಳ ಕಲ್ಯಾಣ ಸಮಿತಿ ಅಂತ ಇದೆ," ಎಂದರು ಅನಂತಲಕ್ಷ್ಮಿ. "ನೋಡಿಕೊಳ್ಳೋರು ಇಲ್ಲದ ಮಕ್ಕಳ ವಿಷಯದಲ್ಲಿ ತೀರ್ಮಾನ ಮಾಡೋ ಅಧಿಕಾರ ಅದಕ್ಕಿದೆ. ಅಲ್ಲಿ ಹೋಗಿ ಹೇಳೋಣ."

ಮಡಿವಾಳಪ್ಪ ಕೈ ಅಡ್ಡ ಆಡಿಸಿದ. "ಬ್ಯಾಡ್ರಿ ಟೀಚರ್. ನಮ್ಮ ಕೆಲಸದ ಕಡೆ ಒಬ್ಬಂವ ಹೇಳ್ಯಾನ. ಅಲ್ಲಿ ಹೋದ್ರ ಮಕ್ಕಳ್ನ ಸರ್ಕಾರಿ ಹೋಮಿಗೆ ಹಾಕ್ತಾರ. ಹುಡುಗಿ ಒಂದ್ ಕಡೆ, ಹುಡುಗ ಒಂದ್ ಕಡೆ. ಬಸವಲಿಂಗಪ್ಪ ಮಾಡೂದೂ ಅದ, ನಿಮ್ಮ ಸಮಿತಿ ಮಾಡೂದೂ ಅದ. ಮತ್ತ ಫರಕ್ ಏನ್ ಬಂತು?"

ಟೀಚರ್ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬೇರೆ ದಾರಿ ಕಾಣದೇ ಇದ್ದಾಗ ಹಾಗೂ ಆಗುತ್ತೆ. ಹೆಣ್ಣುಮಕ್ಕಳ ಹೋಮ್ ಬೇರೆ, ಗಂಡುಮಕ್ಕಳದ್ದು ಬೇರೆ. ಅದಕ್ಕೇ ನಾವೇ ಮುಂಚೆ ಹೋಗಬೇಕು. ಇಲ್ಲೊಂದು ಮನೆ ಇದೆ, ಇಲ್ಲಿ ಇಬ್ಬರೂ ಒಟ್ಟಿಗೆ ಇದ್ದಾರೆ ಅಂತ ನಾವು ಹೇಳದೇ ಇದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಪೋಷಕತ್ವ ಅಂತಾರೆ. ತಾಯಿಗೆ ಆಗದೇ ಇರೋವಾಗ ಬೇರೆ ಒಂದು ಕುಟುಂಬ ಮಕ್ಕಳನ್ನ ನೋಡಿಕೊಳ್ಳೋದು. ಸಮಿತಿ ಒಪ್ಪಿ ಆದೇಶ ಕೊಡುತ್ತೆ, ಮಧ್ಯೆ ಮಧ್ಯೆ ಬಂದು ನೋಡುತ್ತೆ."

"ಅಂದ್ರ ದತ್ತಕ?"

"ಅಲ್ಲ. ದತ್ತು ಅಂದ್ರೆ ಮಗು ಪೂರ್ತಿ ನಿಮ್ಮದಾಗೋದು. ಇದು ಹಾಗಲ್ಲ. ತಾಯಿ ತಾಯಿಯಾಗೇ ಇರ್ತಾಳೆ. ಅವಳಿಗೆ ವಾಸಿಯಾದ ಮೇಲೆ ಮಕ್ಕಳು ಅವಳ ಹತ್ತಿರ ಹೋಗ್ತಾರೆ. ನೀವು ಕೊಡೋಕೂ ತಯಾರಿರಬೇಕು."

ಮಡಿವಾಳಪ್ಪ ಗೋಡೆ ನೋಡಿದ. ಗೋಡೆಯ ಆಚೆ ಮುತ್ತವ್ವನ ಬೀಗ ಹಾಕಿದ ಮನೆ. "ನಾವೇನ್ ಕಸಗೊಳ್ಳಾಕ ಇಟ್ಕೊಂಡಿಲ್ರಿ," ಎಂದ ಮೆಲ್ಲಗೆ.

ಕಲಾವತಿ ಎದ್ದಳು. "ನಡೀರಿ, ಹೋಗೂಣು. ಐತಾರದ ತನಕ ಕಾಗದಕ್ಕ ಮೊಳೆ ಹೊಡ್ಕೋತ ಕುಂದ್ರೂದಲ್ಲ."

ಬೀದಿ ಕೊನೆಯ ಕಾಯಿನ್ ಬೂತಿನಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಸಮಿತಿ ಯಾವ ದಿನ ಕೂರುತ್ತದೆ, ಎಲ್ಲಿ ಕೂರುತ್ತದೆ ಎಂದು ಆ ಕಡೆಯವರು ತಿಳಿಸಿದರು. ಮಧ್ಯದಲ್ಲಿ ಆಸ್ಪತ್ರೆಗೆ ಹೋಗಿ ಮುತ್ತವ್ವನಿಗೂ ಹೇಳಿದರು. ಅವಳು ಕಲಾವತಿಯ ಕೈ ಹಿಡಿದು, "ಅವರಿಬ್ಬರ್ನೂ ಅಗಲಿಸಬ್ಯಾಡ್ರಿ, ಅಷ್ಟ ಕೇಳ್ರಿ," ಅಂದಳು.

ಸಮಿತಿಯ ದಿನ ಎಲ್ಲರೂ ಮಾರ್ಕೆಟ್ ಬಸ್ ಹಿಡಿದು, ಅಲ್ಲಿಂದ ಇನ್ನೊಂದು ಬಸ್ ಹತ್ತಿ ಹೋದರು. ಅಲ್ಲಿ ಉದ್ದನೆಯ ಕಾರಿಡಾರು. ಕೂರಲು ಒಂದೇ ಬೆಂಚು. ಪೊಲೀಸರು, ವಕೀಲರು, ಹೋಮಿನವರು, ಅಳುವ ಕೂಸುಗಳು, ಎಲ್ಲ ಒಂದೇ ಕಡೆ. ಹನುಮೇಶನಿಗೆ ಹಸಿವಾಯಿತು, ಆಮೇಲೆ ಒಂದಕ್ಕೆ ಬಂತು, ಆಮೇಲೆ ನಿದ್ದೆ ಬಂತು. ಕಟ್ಟಿ ತಂದಿದ್ದ ರೊಟ್ಟಿ ಖಾಲಿಯಾಯಿತು. ಮಧ್ಯಾಹ್ನ ಜವಾನ ಬಂದು, "ಇವತ್ತು ಒಬ್ಬರೇ ಮೆಂಬರ್ ಇರೋದು. ಸಿಟ್ಟಿಂಗ್ ಇಲ್ಲ. ಮುಂದಿನ ವಾರ ಬನ್ನಿ," ಎಂದ.

"ನೋಡಿದ್ರ್ಯಾ?" ಎಂದ ಮಡಿವಾಳಪ್ಪ. "ಒಂದ್ ದಿನದ ಪಗಾರ ಹೋತು, ಹುಡುಗರ ಸಾಲಿ ಹೋತು."

ಅನಂತಲಕ್ಷ್ಮಿಯವರ ಮುಖವೂ ಇಳಿದಿತ್ತು. ಕಲಾವತಿ ಮಾತ್ರ ನೇರ ಬಾಗಿಲಿಗೆ ಹೋದಳು. ಒಳಗೆ ಕನ್ನಡಕ ಹಾಕಿದ ಒಬ್ಬ ಹೆಂಗಸು ಫೈಲುಗಳ ನಡುವೆ ಕೂತಿದ್ದರು.

"ಮೇಡಂ, ಮುಂದಿನ ವಾರ ಅಂದ್ರ ತಡ ಆಗ್ತೈತ್ರಿ. ಈ ಐತಾರ ಒಬ್ಬಂವ ಬಂದು ಈ ಹುಡುಗಿನ್ನ ಮನಿಗೆಲಸಕ್ಕ ಒಯ್ತಾನ. ಆಮ್ಯಾಲ ನಿಮ್ಮ ಸಿಟ್ಟಿಂಗ್ ತಗೊಂಡು ನಾ ಏನ್ ಮಾಡ್ಲಿ?"

ಮೇಡಂ ಪೆನ್ ಕೆಳಗಿಟ್ಟರು. "ಬನ್ನಿ, ಕೂತ್ಕೊಳ್ಳಿ," ಅಂದರು.

ಎಲ್ಲ ಕೇಳಿದರು. ಲ್ಯಾಮಿನೇಟ್ ಕಾಗದವನ್ನೂ ನೋಡಿದರು, ನಗಲಿಲ್ಲ. ಪೂರ್ತಿ ತೀರ್ಮಾನಕ್ಕೆ ಬೇರೆ ಸದಸ್ಯರೂ ಬೇಕು, ಆದರೆ ಮಕ್ಕಳಿಗೆ ಅಪಾಯ ಇದ್ದಾಗ ಒಬ್ಬ ಸದಸ್ಯರೂ ತಾತ್ಕಾಲಿಕ ವ್ಯವಸ್ಥೆ ಮಾಡಬಹುದು ಎಂದು ಹೇಳಿ, ಅಲ್ಲೇ ಬರೆದರು. ಮುಂದಿನ ಸಿಟ್ಟಿಂಗ್ ತನಕ ಇಬ್ಬರೂ ಮಕ್ಕಳು ಕಲಾವತಿಯ ಮನೆಯಲ್ಲೇ ಇರಬೇಕು, ಸಮಿತಿಯನ್ನು ಕೇಳದೆ ಯಾರೂ ಒಯ್ಯುವಂತಿಲ್ಲ.

ಹೊರಡುವಾಗ ಕಲಾವತಿ ಬಾಗಿಲಲ್ಲಿ ನಿಂತಳು. "ಇನ್ನೊಂದ್ ಮಾತು ಮೇಡಂ. ತಪ್ಪು ತಿಳ್ಕೋಬ್ಯಾಡ್ರಿ. ಹೊರಗ ಇಷ್ಟು ಕೂಸು ಬೆಳಿಗ್ಗಿಂದ ಕುಂತಾವ. ಪೊಲೀಸ್ರನ್ನ ನೋಡಿ ಅಂಜ್ತಾವ. ಮಕ್ಕಳಿದ್ದೋರ್ನ ಮೊದ್ಲ ಕರೀರಲ್ಲ. ಸಿಟ್ಟಿಂಗ್ ಇಲ್ಲಂದ್ರ ಬೆಳಿಗ್ಗೆನೇ ಹೇಳಿದ್ರ ಅವು ಸಾಲಿಗಾದ್ರೂ ಹೋಗ್ತಾವು."

"ಹೌದು ಮೇಡಂ," ಎಂದಳು ಕಾರಿಡಾರಿನಲ್ಲಿ ಕೂಸನ್ನು ಎತ್ತಿಕೊಂಡಿದ್ದ ಇನ್ನೊಬ್ಬಳು. "ಕುಡಿಯೋಕೆ ನೀರೂ ಇಲ್ಲ ಇಲ್ಲಿ." ಅವಳ ಹಿಂದೆ ಇನ್ನಿಬ್ಬರು ದನಿಗೂಡಿಸಿದರು. ಅನಂತಲಕ್ಷ್ಮಿ ಅಲ್ಲೇ ಒಂದು ಮನವಿ ಬರೆದರು, ಎಲ್ಲರೂ ಸಹಿ ಹಾಕಿದರು. ಮೇಡಂ ಅದನ್ನು ಓದಿ, "ಇದನ್ನ ಬೇರೆ ಸದಸ್ಯರ ಮುಂದೆ ಇಡ್ತೀನಿ. ನಮಗೂ ಯಾರಾದ್ರೂ ಹೇಳಬೇಕು," ಅಂದರು.

ಭಾನುವಾರ ಬಸವಲಿಂಗಪ್ಪ ಆಟೋ ನಿಲ್ಲಿಸಿಕೊಂಡೇ ಬಂದ. ಮಡಿವಾಳಪ್ಪ ಈ ಸಲ ಗೋಡೆಯ ಕಡೆ ಹೋಗಲಿಲ್ಲ. ಜೇಬಿನಿಂದ ಮಡಿಸಿದ ಹಾಳೆ ತೆಗೆದು, ದುಂಡು ಸೀಲು ಕಾಣುವ ಹಾಗೆ ಹಿಡಿದ.

"ಸಮಿತಿ ಕೊಟ್ಟದ್ದು. ನಿಮ್ಗೇನರ ಹೇಳೂದಿದ್ರ ಅಲ್ಲಿ ಬಂದು ಹೇಳ್ರಿ, ಮಾವ ಅದೀರಿ, ಕೇಳ್ತಾರ."

"ಇದಕ್ಕ ಪ್ಲಾಸ್ಟಿಕ್ ಹಾಕಿಸಿಲ್ಲೇನು?" ಎಂದು ಬಸವಲಿಂಗಪ್ಪ ನಗಲು ನೋಡಿದ. ಯಾರೂ ನಗಲಿಲ್ಲ. ಆಟೋದವನು, "ಅಣ್ಣಾ, ವೇಯ್ಟಿಂಗ್ ಚಾರ್ಜ್ ಆಗುತ್ತೆ," ಅಂದ. ಆಟೋ ಖಾಲಿ ಹೋಯಿತು.

ಆ ವಾರ ಸಮಿತಿಯ ಕಡೆಯಿಂದ ಸೀತಾ ಎಂಬ ಸಮಾಜ ಕಾರ್ಯಕರ್ತೆ ಮನೆ ನೋಡಲು ಬಂದರು. ಕಲಾವತಿ ನೆಲ ಒರೆಸಿ, ಓನರ್ ಆಂಟಿಯಿಂದ ಕುರ್ಚಿ ತಂದು ಹಾಕಿದ್ದಳು. ಇರುವುದು ಒಂದೇ ರೂಮು, ಒಂದು ಅಡುಗೆ ಮೂಲೆ. ಅವಳಿಗೆ ನಾಚಿಕೆ.

"ಮನಿ ಸಣ್ಣದೈತ್ರಿ," ಎಂದಳು.

ಸೀತಾ ಕುರ್ಚಿ ಬಿಟ್ಟು ಚಾಪೆ ಮೇಲೆ ಕೂತರು. "ಮನೆ ಅಳತೆ ತಗೊಳ್ಳೋಕೆ ಬಂದಿಲ್ಲಮ್ಮ. ಮಕ್ಕಳು ಹೇಗಿದ್ದಾರೆ ಅಂತ ನೋಡೋಕೆ ಬಂದೆ." ಅವರು ಕಲಾವತಿಯ ಮಗ ಶ್ರೀಶೈಲನನ್ನು ಕೇಳಿದರು: "ಇವರಿಬ್ಬರೂ ಇಲ್ಲಿರೋದು ನಿನಗೆ ಇಷ್ಟಾನಾ?"

"ಶೈಲಾ ನನ್ನ ಪೆನ್ಸಿಲ್ ತುದಿ ಕಡೀತಾಳ. ಹನುಮ್ಯಾ ನಿದ್ದ್ಯಾಗ ಒದೀತಾನ," ಎಂದ ಅವನು. ಸ್ವಲ್ಪ ತಡೆದು, "ಇರ್ಲಿ ಬಿಡ್ರಿ, ಎಲ್ಲಿಗಿ ಹೋಗ್ತಾವು," ಎಂದ.

ಸೀತಾ ಶಾಲೆಗೂ ಹೋದರು, ಆಸ್ಪತ್ರೆಯಲ್ಲಿ ಮುತ್ತವ್ವನನ್ನೂ ಕಂಡರು.

ಮುಂದಿನ ಸಿಟ್ಟಿಂಗಿನ ದಿನ ಕಾರಿಡಾರು ಬೇರೆಯೇ ಆಗಿತ್ತು. ಮೂಲೆಯಲ್ಲಿ ಒಂದು ಜಮಖಾನೆ, ನೀರಿನ ಕ್ಯಾನು. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಮಕ್ಕಳೊಂದಿಗೆ ಬಂದವರನ್ನು ಮೊದಲು ಕರೆಯಲಾಗುವುದು. ಕಲಾವತಿ ಅದನ್ನು ಎರಡು ಸಲ ಓದಿದಳು, ಗಂಡನಿಗೂ ಓದಿಸಿದಳು.

ಬಸವಲಿಂಗಪ್ಪನಿಗೂ ಕರೆ ಹೋಗಿತ್ತು, ಬಂದಿದ್ದ. "ಕೆಲಸಕ್ಕ ಅಲ್ರಿ ಮೇಡಂ, ಮನಿ ಮಗಳಂಗ ಇರ್ತಾಳ," ಎಂದ.

"ಮನೆ ಮಗಳಾದರೆ ಶಾಲೆಗೆ ಕಳಿಸ್ತಾರಾ?" ಎಂದು ಕೇಳಿದರು ಸಮಿತಿಯ ಅಧ್ಯಕ್ಷೆ. ಅವನು ಕೆಮ್ಮಿದ. "ಮನೆಗೆಲಸಕ್ಕೆ ಚಿಕ್ಕ ಮಕ್ಕಳನ್ನ ಇಟ್ಕೋಬಾರದು ಅಂತ 2006ರ ಅಕ್ಟೋಬರಲ್ಲಿ ಕಾನೂನು ಬಂತು, ಇನ್ನೂ ವರ್ಷ ಕೂಡ ಆಗಿಲ್ಲ. ಆ ಮನೆಯವರಿಗೂ ಹೇಳಿ, ನಿಮಗೂ ಗೊತ್ತಿರಲಿ."

ಆಮೇಲೆ ಅಧ್ಯಕ್ಷೆ ದೊಡ್ಡವರನ್ನೆಲ್ಲ ಹೊರಗೆ ಕಳಿಸಿದರು. ಮೇಜು ಬಿಟ್ಟು ಬಂದು ಶೈಲಾಳ ಪಕ್ಕದಲ್ಲಿ ಕೂತರು. ಹೊರಗೆ ಕಲಾವತಿ ಸೆರಗಿನ ತುದಿ ಹಿಂಡುತ್ತಿದ್ದಳು. ಮಡಿವಾಳಪ್ಪ ಕಾರಿಡಾರಿನ ಟೈಲ್ಸು ಸರಿಯಾಗಿ ಕೂತಿಲ್ಲ ಎಂದು ಯಾರಿಗೋ ಹೇಳುತ್ತಿದ್ದ. ಅವನಿಗೆ ಹೆದರಿಕೆಯಾದಾಗ ಹೀಗೇ.

ಬಾಗಿಲು ತೆರೆಯಿತು. "ಹುಡುಗಿ ಎರಡೇ ಮಾತು ಹೇಳಿದಳು," ಎಂದರು ಅಧ್ಯಕ್ಷೆ. "ತಮ್ಮ ಎಲ್ಲಿರ್ತಾನೋ ಅಲ್ಲಿ ನಾನು. ಐತಾರಕ್ಕೊಮ್ಮೆ ಅವ್ವನ್ನ ನೋಡಬೇಕು."

ಆದೇಶವೂ ಅದನ್ನೇ ಹೇಳಿತು. ತಾಯಿಗೆ ವಾಸಿಯಾಗುವವರೆಗೆ ಇಬ್ಬರೂ ಒಟ್ಟಿಗೆ ಕಲಾವತಿ, ಮಡಿವಾಳಪ್ಪನವರ ಪೋಷಕತ್ವದಲ್ಲಿ. ವಾರಕ್ಕೊಮ್ಮೆ ತಾಯಿಯ ಭೇಟಿ. ಶಾಲೆ ಬಿಡಿಸುವಂತಿಲ್ಲ. ಸೀತಾ ಆಗಾಗ ಬಂದು ನೋಡಬೇಕು, ಸಮಿತಿ ಮತ್ತೆ ಪರಿಶೀಲಿಸಬೇಕು.

ಮಡಿವಾಳಪ್ಪ ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು. ಬಸ್ಸಿನಲ್ಲಿ ಹಾಳೆಯನ್ನು ತೊಡೆ ಮೇಲೆ ಹರವಿಕೊಂಡು ಬಂದ. ಉಪನಗರದಲ್ಲಿ ಇಳಿದ ಕೂಡಲೇ ಜೆರಾಕ್ಸ್ ಅಂಗಡಿಯ ಕಡೆ ತಿರುಗಿದ.

"ಎಲ್ಲಿಗೆ?" ಎಂದರು ಅನಂತಲಕ್ಷ್ಮಿ.

"ಲ್ಯಾಮಿನೇಶನ್‌ಗ್ರಿ. ಇದು ಖರೇ ಕಾಗದ ಅಲ್ಲೇನ್ರಿ."

"ಅದಕ್ಕೇ ಮಾಡಿಸಬಾರದು. ಸಮಿತಿ ಪ್ರತಿ ಸಲ ನೋಡಿದಾಗ ಇದರ ಮೇಲೇ ಬರೆಯುತ್ತೆ, ಸೀಲು ಹಾಕುತ್ತೆ. ಮುತ್ತವ್ವ ನಡೆದು ಬಂದ ದಿನ ಕೊನೇ ಸಾಲು ಬರೀಬೇಕು. ಪ್ಲಾಸ್ಟಿಕ್ ಹಾಕಿದರೆ ಎಲ್ಲಿ ಬರೀತಾರೆ?"

ಮಡಿವಾಳಪ್ಪ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಹಾಳೆಯನ್ನು ಮೆತ್ತಗೆ ಮಡಿಸಿ ಜೇಬಿಗೆ ಇಟ್ಟುಕೊಂಡ.

ಆ ಕೊನೆಯ ಸಾಲು ಮರುವರ್ಷ ಬಂತು. ಮುತ್ತವ್ವ ಕೋಲು ಊರಿಕೊಂಡು ಸಮಿತಿಯ ಮುಂದೆ ತಾನೇ ನಡೆದು ಹೋದಳು. ಹಸಿರು ಕೊಡಗಳು ಗೋಡೆಯ ಆಚೆ ಹೋದವು, ಮಕ್ಕಳೂ ಹೋದವು. ಕಲಾವತಿ ಎರಡು ದಿನ ಹೆಚ್ಚು ರೊಟ್ಟಿ ಬಡಿದು, ಮರೆತೆ ಎಂದು ಬೈದುಕೊಂಡಳು. ಮೂರನೇ ದಿನ ಬೆಳಿಗ್ಗೆ ಸಕ್ಕರೆ ಕೇಳಲು ಪಕ್ಕದ ಮನೆಗೆ ಹೋದಾಗ ಬಾಗಿಲು ಓರೆಯಾಗಿತ್ತು, ಮೂವರೂ ಇನ್ನೂ ಮಲಗಿದ್ದರು. ಹನುಮೇಶ ಗೋಡೆಯ ಕಡೆ, ಮುತ್ತವ್ವ ಈ ಕಡೆ, ನಡುವೆ ಶೈಲಾ. ಅವಳ ಎರಡೂ ಕೈ ತಲೆಯ ಮೇಲೆ ಸಡಿಲವಾಗಿ ಚಾಚಿದ್ದವು. ಬೆರಳು ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ.

ಕಲಾವತಿ ಸಕ್ಕರೆ ಕೇಳುವುದನ್ನು ಮರೆತು ಹಿಂದಿರುಗಿದಳು. ಹಳೇ ಲ್ಯಾಮಿನೇಟ್ ಕಾಗದ ಈಗ ಅವಳ ಸ್ಟೌವಿನ ಹಿಂದೆ, ಎಣ್ಣೆ ಗೋಡೆಗೆ ಸಿಡಿಯದ ಹಾಗೆ ನಿಂತಿದೆ. ಆ ಕೆಲಸಕ್ಕೆ ಅದು ತುಂಬಾ ಒಳ್ಳೆಯದು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮಕ್ಕಳ ಡಬ್ಬಿ ತುಂಬಿಸಿ, ಯೂನಿಫಾರ್ಮ್ ಒಗೆದು ಹಾಕುವಷ್ಟರಲ್ಲೇ ನಮಗೆ ಸಾಕಾಗಿರುತ್ತದೆ. ಆದರೂ ನಿಮ್ಮ ಬೀದಿಯಲ್ಲಿ ಯಾವುದಾದರೂ ಮಗು ಪಕ್ಕದ ಮನೆಯವರ ಅನ್ನ ಉಂಡು ಬೆಳೆಯುತ್ತಿದ್ದರೆ ಒಮ್ಮೆ ತಿರುಗಿ ನೋಡಿ. ಸಾಕುತ್ತಿರುವುದು ನೀವೇ ಆದರೆ ಬಚ್ಚಿಡಬೇಡಿ, ಬಾಂಡ್ ಪೇಪರ್ ನಂಬಿ ಕೂರಬೇಡಿ. 1098ಕ್ಕೆ ಫೋನ್ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ, ಪೋಷಕತ್ವ ಕೇಳಿ. ಅಣ್ಣ ತಂಗಿ, ಅಕ್ಕ ತಮ್ಮ ಒಟ್ಟಿಗೇ ಇರಲಿ ಎಂದು ಬಾಯಿಬಿಟ್ಟು ಹೇಳಿ. ಮಗುವಿನ ಮಾತನ್ನೂ ಕೇಳಿ ಎಂದು ಹೇಳಿ. ಅಲ್ಲಿ ಕಾಯಿಸಿದರೆ, ದಿನ ಮುಂದೆ ಹಾಕಿದರೆ, ಸುಮ್ಮನೆ ಎದ್ದು ಬರಬೇಡಿ. ಏನು ಸರಿಯಿಲ್ಲವೋ ಅದನ್ನು ಬರೆದು ಕೊಡಿ. ಕಲಾವತಿ ಕೇಳಿದ ಮೇಲೇ ಆ ಕಾರಿಡಾರಿಗೆ ನೀರು ಬಂದದ್ದು.